ತೋಪು ತಿರುಗಿತ್ತು, ಗುಂಡು ಬೇರೆಯದಿತ್ತು: ಸಿಂಗಪುರದ ಕಡಲಕೋಟೆಗಳಲ್ಲಿ ಮೂರು ದಿನ

ಸಿಂಗಪುರ 1942ರ ಫೆಬ್ರವರಿ 15ರಂದು ಜಪಾನಿಗೆ ಶರಣಾದದ್ದು ಹೇಗೆ ಎಂದು ಯಾರನ್ನು ಕೇಳಿದರೂ ಒಂದೇ ಉತ್ತರ: ತೋಪುಗಳೆಲ್ಲ ಕಡಲಿನ ಕಡೆ ನೋಡುತ್ತಿದ್ದವು, ಶತ್ರು ಹಿತ್ತಲ ಬಾಗಿಲಿಂದ, ಅಂದರೆ ಉತ್ತರದ ಮಲಯ ನೆಲದ ಕಡೆಯಿಂದ ಬಂದ. ಕೇಳಲು ಚೆನ್ನಾಗಿದೆ, ನಿಜ ಮಾತ್ರ ಅರ್ಧವೇ. ದ್ವೀಪದಲ್ಲಿ ಉಳಿದಿರುವ ಬತ್ತೇರಿಗಳನ್ನು, ಅಂದರೆ ತೋಪು ಕೂರಿಸಿದ ನೆಲೆಗಳನ್ನು, ಒಂದೊಂದಾಗಿ ನಡೆದು ನೋಡಿದರೆ ಉಳಿದರ್ಧ ಗೊತ್ತಾಗುತ್ತದೆ. ನೋಡುವವರು ತೋಪಿನ ಬಾಯಿ ಬಿಟ್ಟು ಅದರ ಬುಡ ನೋಡಬೇಕು. ಗುಂಡು ಎಲ್ಲಿಟ್ಟಿದ್ದರು, ಹೇಗೆ ಮೇಲೆತ್ತಿದರು, ಯಾವುದನ್ನು ಒಡೆಯಲೆಂದು ಅದನ್ನು ಮಾಡಿದ್ದರು ಎಂದು ವಿಚಾರಿಸಬೇಕು.

'ಬತ್ತೇರಿ' ಎಂಬ ಮಾತು ಕನ್ನಡಕ್ಕೆ ಹೊಸದಲ್ಲ. ಹಡಗು ನದಿಯೊಳಗೆ ನುಗ್ಗದಂತೆ ಟಿಪ್ಪು ಮಂಗಳೂರಿನ ಬೋಳೂರಿನಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ ಕರಾವಳಿಯವರಿಗೆಲ್ಲ ಗೊತ್ತು. ಇಂಗ್ಲಿಷಿನ ಬ್ಯಾಟರಿಯೇ ನಮ್ಮ ಬಾಯಲ್ಲಿ ಬತ್ತೇರಿಯಾಗಿದೆ. ಇಲ್ಲಿ ನೋಡುವುದೂ ಅದೇ ಜಾತಿಯದು, ಗಾತ್ರ ಮಾತ್ರ ಬೇರೆ.

ಹೊರಡುವ ಮುನ್ನ ನಾಲ್ಕು ಮಾತು. ಬೆಂಗಳೂರಿನಿಂದ ನೇರ ವಿಮಾನಕ್ಕೆ ನಾಲ್ಕೂವರೆ ತಾಸು, ಗಡಿಯಾರ ಎರಡೂವರೆ ಗಂಟೆ ಮುಂದೆ. ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕು. ಇಳಿಯುವ ಮೂರು ದಿನದೊಳಗೆ ಎಸ್‌ಜಿ ಅರೈವಲ್ ಕಾರ್ಡ್ ಅನ್ನು ಆನ್‌ಲೈನಿನಲ್ಲಿ ತುಂಬಬೇಕು. ಅದಕ್ಕೆ ಹಣವಿಲ್ಲ, ಹಣ ಕೇಳುವ ಜಾಲತಾಣ ಸರ್ಕಾರದ್ದಲ್ಲ. ಮೆಟ್ರೋಗೂ ಬಸ್ಸಿಗೂ ನಮ್ಮ ಕಾಂಟ್ಯಾಕ್ಟ್‌ಲೆಸ್ ಕಾರ್ಡನ್ನೇ ಮುಟ್ಟಿಸಬಹುದು. ಆದರೆ ಹೊರದೇಶದ ಕಾರ್ಡಿಗೆ ಬಳಸಿದ ದಿನಕ್ಕೊಂದು ಸಣ್ಣ ಶುಲ್ಕ ಬೀಳುತ್ತದೆ, ಮೂರು ದಿನಕ್ಕೆ ಈಝೀ-ಲಿಂಕ್ ಕಾರ್ಡ್ ಕೊಂಡರೂ ನಡೆಯುತ್ತದೆ. ಬಸ್ಸಿನಿಂದ ಇಳಿಯುವಾಗಲೂ ಕಾರ್ಡ್ ಮುಟ್ಟಿಸಬೇಕು. ನಮ್ಮವರು ಹೆಚ್ಚಾಗಿ ಮರೆಯುವುದು ಇದನ್ನೇ, ಮರೆತರೆ ಆ ಬಸ್ಸು ಹೋಗುವ ಕೊನೆಯವರೆಗಿನ ದರ ಕತ್ತರಿಸುತ್ತಾರೆ.

ಇನ್ನೊಂದು, ವಾರದ ಲೆಕ್ಕ. ಎರಡನೇ ದಿನ ನೋಡುವ ಚಾಂಗಿಯ ಮ್ಯೂಸಿಯಂ, ಮೂರನೇ ದಿನದ ಫೋರ್ಡ್ ಕಾರ್ಖಾನೆ ಎರಡೂ ಸೋಮವಾರ ಮುಚ್ಚಿರುತ್ತವೆ. ಮೂರು ದಿನದಲ್ಲಿ ಸೋಮವಾರ ಸೇರಿಕೊಂಡರೆ ಅದನ್ನು ಸಿಲೋಸೋ ಕೋಟೆಗೆ ಇಡುವುದು ಜಾಣತನ.

ಮೊದಲ ದಿನ: ಸಿಲೋಸೋ

ಸಿಲೋಸೋ ಕೋಟೆ ಇರುವುದು ಸೆಂತೋಸಾ ದ್ವೀಪದ ಪಶ್ಚಿಮದ ತುದಿಯಲ್ಲಿ. ಹೆಸರು ಓದಿದೊಡನೆ ನಮಗೆ 'ಸಂತೋಷ' ನೆನಪಾಗುತ್ತದೆ, ಮಲಯ ಭಾಷೆಗೆ ಆ ಪದ ಹೋದದ್ದು ಸಂಸ್ಕೃತದಿಂದಲೇ. ಅಲ್ಲಿ ಅದರ ಅರ್ಥ ನೆಮ್ಮದಿ, ಶಾಂತಿ. 1970ರ ದಶಕದ ಆರಂಭದವರೆಗೆ ಈ ದ್ವೀಪದ ಹೆಸರು ಪುಲಾವ್ ಬ್ಲಕಾಂಗ್ ಮಾತಿ. 'ಬ್ಲಕಾಂಗ್' ಎಂದರೆ ಹಿಂದೆ, 'ಮಾತಿ' ಎಂದರೆ ಸಾವು. ರೆಸಾರ್ಟಿಗೆ ಆ ಹೆಸರು ಒಗ್ಗುತ್ತಿರಲಿಲ್ಲ.

ಮೆಟ್ರೋದಲ್ಲಿ ಹಾರ್ಬರ್‌ಫ್ರಂಟ್ ನಿಲ್ದಾಣಕ್ಕೆ ಬಂದರೆ ಮೇಲೆಯೇ ವಿವೋಸಿಟಿ ಮಾಲ್. ಅದರ ಮೂರನೇ ಮಹಡಿಯಿಂದ ಸೆಂತೋಸಾ ಎಕ್ಸ್‌ಪ್ರೆಸ್ ಹೊರಡುತ್ತದೆ, ಹೋಗಲು 4 ಡಾಲರ್, ಬರಲು ಏನೂ ಇಲ್ಲ. ಅದೂ ಬೇಡ ಎಂದರೆ ಪಕ್ಕದ ಬೋರ್ಡ್‌ವಾಕ್ ಮೇಲೆ ನಡೆದೇ ದ್ವೀಪ ಸೇರಬಹುದು. ಒಳಗಿನ ಬಸ್ಸುಗಳೆಲ್ಲ ಉಚಿತ. ಬಸ್ 'ಎ' ಹಿಡಿದು ಸಿಲೋಸೋ ಪಾಯಿಂಟ್‌ನಲ್ಲಿ ಇಳಿದರೆ ಎದುರಿಗೇ ಲಿಫ್ಟಿನ ಗೋಪುರ. ಹನ್ನೊಂದು ಮಹಡಿ ಎತ್ತರಕ್ಕೆ ಲಿಫ್ಟ್ ಒಯ್ಯುತ್ತದೆ, ಅಲ್ಲಿಂದ 181 ಮೀಟರ್ ಉದ್ದದ ತೂಗುದಾರಿ ಮರದ ತಲೆಗಳ ಮೇಲಿಂದ ಕೋಟೆಯ ಬಾಗಿಲಿಗೆ ಸೇರುತ್ತದೆ. ಕೋಟೆಗೂ ದಾರಿಗೂ ಟಿಕೆಟ್ ಇಲ್ಲ. ಒಳಗಿನ ಕೊಠಡಿಗಳು ಬೆಳಗ್ಗೆ 10ರಿಂದ ಸಂಜೆ 6ರವರೆಗೆ. ಹತ್ತಕ್ಕೇ ಹೋಗಿ. ಮಧ್ಯಾಹ್ನ ಎರಡರ ಮೇಲೆ ಗುಡುಗು-ಮಳೆ ಇಲ್ಲಿ ದಿನಚರಿಯಂತೆ, ಸಿಡಿಲಿನ ಎಚ್ಚರಿಕೆ ಬಂದರೆ ಎತ್ತರದ ದಾರಿಯಲ್ಲಿ ನಿಲ್ಲುವುದು ಸರಿಯಲ್ಲ.

ತೂಗುದಾರಿಯ ನಡುವೆ ಐದು ನಿಮಿಷ ನಿಂತು ನೋಡಿದರೆ ಕೋಟೆ ಏಕೆ ಇಲ್ಲಿದೆ ಎಂದು ಗೊತ್ತಾಗುತ್ತದೆ. ಬಲಕ್ಕೆ ಕೆಪೆಲ್ ಬಂದರಿನ ಪಶ್ಚಿಮದ ಬಾಯಿ. ಎದುರಿನ ದಡದ ಹಸಿರು ಗುಡ್ಡವೇ ಲ್ಯಾಬ್ರಡಾರ್, ನಾಳೆ ಬೆಳಗ್ಗೆ ಹೋಗುವ ಜಾಗ. ನಡುವೆ ಇರುವುದು ಕಿರಿದಾದ ನೀರು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಉಗಿಹಡಗುಗಳು ಇಲ್ಲಿ ಕಲ್ಲಿದ್ದಲು ತುಂಬಿಸಿಕೊಳ್ಳಲು ಸಾಲುಗಟ್ಟಿದವು. ಆ ಕಲ್ಲಿದ್ದಲ ರಾಶಿಯನ್ನು ಕಾಯಲು 1870ರ ದಶಕದಲ್ಲಿ ಗುಡ್ಡದ ತಲೆ ಸವರಿ ಕೋಟೆ ಕಟ್ಟಿದರು.

ಒಳಗೆ ಮೊದಲು ಹಳೆಯ ಕಾಲದ 7 ಇಂಚಿನ ತೋಪಿಗೆ ಹೋಗಿ (ಇಂಚಿನ ಲೆಕ್ಕ ನಳಿಗೆಯ ಬಾಯಿಯ ಅಗಲಕ್ಕೆ). ಇದು ಬಾಯಿಂದ ಮದ್ದು ತುಂಬುವ ಜಾತಿ. ಬಾಯೊಳಗೆ ಟಾರ್ಚ್ ಬಿಟ್ಟರೆ ಗೋಡೆಯುದ್ದಕ್ಕೂ ಸುರುಳಿಯಾಗಿ ಹೋಗುವ ಮೂರು ಅಗಲ ತೋಡು ಕಾಣುತ್ತವೆ. ಗುಂಡಿನ ಮೈಮೇಲೆ ಆ ತೋಡಿಗೆ ಕೂರುವ ಗುಬುಟು ಇರುತ್ತಿದ್ದವು. ಮೊದಲು ಮದ್ದಿನ ಚೀಲ, ಆಮೇಲೆ ಗುಂಡು, ಗುಬುಟು ತೋಡಿಗೆ ಸರಿಯಾಗಿ ಕೂತಿದೆಯೇ ಎಂದು ನೋಡಿಕೊಂಡು ಉದ್ದನೆಯ ಗಜದಿಂದ, ಅಂದರೆ ನೂಕುಕೋಲಿನಿಂದ, ತಳದವರೆಗೆ ನೂಕಬೇಕು. ಅರ್ಧದಲ್ಲಿ ಸಿಕ್ಕಿ ಗುಂಡಿಗೂ ಮದ್ದಿಗೂ ನಡುವೆ ಖಾಲಿ ಜಾಗ ಉಳಿದರೆ ಹಾರಿಸುವಾಗ ತೋಪಿನ ಮೈಯೇ ಒಡೆಯುವ ಅಪಾಯ. ಹಾಗಾಗಿ ಗಜದ ಮೇಲೆ ಗುರುತು ಹಾಕಿರುತ್ತಿದ್ದರು, ಗುರುತು ಬಾಯಿಗೆ ಬಂದರೆ ತಳ ಮುಟ್ಟಿದೆ ಎಂದು ಲೆಕ್ಕ.

ಅಲ್ಲಿಂದ ಸುರಂಗಕ್ಕೆ. ಆ ಕಾಲದ ಮದ್ದಿನ ಮನೆಗಳಲ್ಲಿ ಒಂದು ರೂಢಿ ಇತ್ತು: ದೀಪ ಇರುವ ಜಾಗಕ್ಕೂ ಮದ್ದು ಇರುವ ಜಾಗಕ್ಕೂ ಗಾಳಿಯ ಸಂಬಂಧ ಇರಕೂಡದು. ಗೋಡೆಯಲ್ಲಿ ಗೂಡು ಕೊರೆದು, ಮದ್ದಿನ ಕಡೆಗೆ ದಪ್ಪ ಗಾಜು ಕೂರಿಸಿ, ಆಚೆಯ ಓಣಿಯಿಂದ ದೀಪ ಇಡುತ್ತಿದ್ದರು. ಬೆಳಕು ಒಳಗೆ, ಕಿಡಿ ಹೊರಗೆ. ಒಳಗೆ ಹೋಗುವವರು ಕಬ್ಬಿಣದ ಮೊಳೆಯ ಬೂಟು ಬಿಚ್ಚಿ, ಜೇಬು ಖಾಲಿ ಮಾಡಿ, ಬೇರೆ ಬಟ್ಟೆ ಹಾಕಿಕೊಂಡು ಹೋಗಬೇಕಿತ್ತು. ಹೀಗೆ ಬಟ್ಟೆ ಬದಲಿಸುವ ಜಾಗದಲ್ಲಿ ಅಡ್ಡ ಹಲಗೆ, ಅದರಾಚೆ 'ಶುದ್ಧ', ಈಚೆ 'ಮೈಲಿಗೆ'. ಮಡಿ ಮಾಡುವ ಮನೆಯವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಸುರಂಗದ ನೆಲ ತೇವದಿಂದ ಜಾರುತ್ತದೆ, ರಬ್ಬರ್ ತಳದ ಬೂಟು ಹಾಕಿ. ಎಸಿ ರೈಲಿನಿಂದ ಇಳಿದು ನೇರ ಕ್ಯಾಮೆರಾ ತೆಗೆದರೆ ಲೆನ್ಸ್ ಪೂರ್ತಿ ಮಂಜು ಹಿಡಿಯುತ್ತದೆ. ಚೀಲದಲ್ಲೇ ಇಪ್ಪತ್ತು ನಿಮಿಷ ಬಿಟ್ಟು ಆಮೇಲೆ ತೆಗೆಯಬೇಕು, ಒರೆಸುತ್ತ ಕೂತರೆ ಮತ್ತೆ ಮತ್ತೆ ಮಂಜಾಗುತ್ತದೆ.

1930ರ ದಶಕಕ್ಕೆ ಬಂದರೆ ಸಿಲೋಸೋದ ಮುಖ್ಯ ಆಯುಧ 6 ಇಂಚಿನ ಎರಡು ತೋಪು. ಗುಂಡಿನ ತೂಕ 45 ಕೆ.ಜಿ., ಅಂದರೆ ಅಕ್ಕಿಯ ದೊಡ್ಡ ಮೂಟೆಯಷ್ಟು. ಹಿಂದಿನಿಂದ ತುಂಬುವ ಜಾತಿ: ಹಿಂಬದಿಯ ಬಿರಡೆ ತಿರುಗಿಸಿ ತೆರೆ, ಗುಂಡು ನೂಕು, ಮದ್ದಿನ ಚೀಲ ಇಡು, ಬಿರಡೆ ಮುಚ್ಚು, ಹೊತ್ತಿಸುವ ಕೊಳವೆ ಸಿಕ್ಕಿಸು, ಸರಿ. ಬಿರಡೆಯ ತಿರುಪನ್ನು ಹತ್ತಿರದಿಂದ ನೋಡಿ. ಅದರ ಸುತ್ತಲೂ ತಿರುಪಿನ ಗೆರೆ ಇರುವುದಿಲ್ಲ, ಒಂದು ಪಾಲು ಗೆರೆ, ಪಕ್ಕದ ಪಾಲು ನುಣುಪು, ಮತ್ತೆ ಗೆರೆ. ತೋಪಿನ ಒಳಮೈಯೂ ಹಾಗೆಯೇ. ನುಣುಪಿನ ಭಾಗ ಗೆರೆಯ ಎದುರಿಗೆ ಬರುವಂತೆ ಒಳಗೆ ತಳ್ಳಿ ಸ್ವಲ್ಪ ತಿರುಗಿಸಿದರೆ ಸಾಕು, ಬಿಗಿ. ಇಡೀ ತಿರುಪು ಸುತ್ತುತ್ತ ಕೂರುವಷ್ಟು ಹೊತ್ತಿಗೆ ಶತ್ರು ಹಡಗು ಮುಂದೆ ಹೋಗಿಬಿಟ್ಟಿರುತ್ತದೆ.

ಇವಲ್ಲದೆ ಚಿಕ್ಕ ಜಾತಿಯವೂ ಇವೆ. ಗುಂಡಿನ ತೂಕದಿಂದ ಹೆಸರಾದ 12 ಪೌಂಡಿನದು, ಮತ್ತು ಜೋಡಿ ನಳಿಗೆಯ 6 ಪೌಂಡಿನದು. ಜೋಡಿ ನಳಿಗೆಯ ಕೆಲಸ, ರಾತ್ರಿ ಸರ್ಚ್‌ಲೈಟಿನ ಬೆಳಕಿಗೆ ಸಿಕ್ಕ ಟಾರ್ಪಿಡೋ ದೋಣಿಯನ್ನು ಹೊಡೆಯುವುದು. ಅದರ ಗುಂಡು 57 ಮಿ.ಮೀ. ಅಷ್ಟೇ, ಆದರೆ ಪಳಗಿದ ತಂಡದ ಕೈಯಲ್ಲಿ ಎರಡೂ ನಳಿಗೆ ಸೇರಿ ನಿಮಿಷಕ್ಕೆ 70ರ ಆಸುಪಾಸು ಹಾರುತ್ತಿತ್ತು. ಗುರಿ ತೋರಿಸುವ ಕಾಂಕ್ರೀಟ್ ಗೋಪುರ ಈಗಲೂ ನಿಂತಿದೆ. ಬಹಳ ಜನ ಮೇಣದ ಗೊಂಬೆಗಳ ಕಡೆ ಓಡಿ ಇದನ್ನು ತಪ್ಪಿಸಿಕೊಳ್ಳುತ್ತಾರೆ.

ದೂರ ಅಳೆಯುತ್ತಿದ್ದ ಬಗೆ ಇಲ್ಲಿಯೇ ತಿಳಿದುಕೊಂಡರೆ ಮುಂದಿನ ಎರಡು ದಿನ ಸುಲಭ. ಕೋಟೆ ಕಡಲಿನ ಮಟ್ಟದಿಂದ ಎಷ್ಟು ಎತ್ತರ ಎಂದು ಗೊತ್ತು. ದುರ್ಬೀನನ್ನು ಹಡಗಿನ ನೀರಿನ ಗೆರೆಗೆ ಬಾಗಿಸಿ, ಎಷ್ಟು ಬಾಗಿತು ಎಂಬ ಕೋನದಿಂದ ದೂರ ತೆಗೆಯುತ್ತಿದ್ದರು. 60 ಮೀಟರ್ ಎತ್ತರದ ದಿಬ್ಬ, 6,000 ಮೀಟರ್ ದೂರದ ಹಡಗು ಎಂದಿಟ್ಟುಕೊಳ್ಳಿ. ಇಳಿತದಲ್ಲಿ ನೀರು 2 ಮೀಟರ್ ಕೆಳಗಿಳಿದಿದ್ದು ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಮೂವತ್ತರಲ್ಲಿ ಒಂದು ಪಾಲು ತಪ್ಪು, ಅಂದರೆ 200 ಮೀಟರ್. ಒಂದು ಇಡೀ ಹಡಗಿನ ಉದ್ದ. ಹಾಗಾಗಿ ಪ್ರತಿ ಬತ್ತೇರಿಗೂ ಉಬ್ಬರ-ಇಳಿತದ ಪಟ್ಟಿ ಮದ್ದಿನಷ್ಟೇ ಮುಖ್ಯ. ತಗ್ಗಿನ ದಡದಿಂದ ಈ ವಿದ್ಯೆ ನಡೆಯುವುದಿಲ್ಲ, ಕೋಟೆಗಳೆಲ್ಲ ಗುಡ್ಡ ಹುಡುಕಿಕೊಂಡು ಹೋದದ್ದಕ್ಕೆ ಇದೂ ಒಂದು ಕಾರಣ.

ಕೊನೆಗೆ ಶರಣಾಗತಿಯ ಕೊಠಡಿಗಳು. 1942ರಲ್ಲಿ ಬ್ರಿಟಿಷರು ಜಪಾನಿಗೆ, 1945ರಲ್ಲಿ ಜಪಾನ್ ಬ್ರಿಟಿಷರಿಗೆ ಶರಣಾದ ಎರಡು ದೃಶ್ಯ ಮೇಣದ ಗೊಂಬೆಗಳಲ್ಲಿವೆ. ಎಸಿ ಇದೆ, ಮಳೆ ಬಂದಾಗ ಕೂರಲು ಒಳ್ಳೆಯದು. 2022ರ ಫೆಬ್ರವರಿಯಲ್ಲಿ, ಪತನದ 80ನೇ ವರ್ಷಕ್ಕೆ, ಈ ಕೋಟೆಯನ್ನು ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿದರು. ಇದೇ ದ್ವೀಪದಲ್ಲಿದ್ದ ಕನಾಟ್ ಬತ್ತೇರಿಯ 9.2 ಇಂಚಿನ ಮೂರು ತೋಪುಗಳ ಜಾಗ ಈಗ ಗಾಲ್ಫ್ ಮೈದಾನ. ಸೆರಾಪೋಂಗ್ ಗುಡ್ಡದ ಕೋಟೆಯ ಅವಶೇಷ ಕಾಡಿನಲ್ಲಿ ಮುಚ್ಚಿಹೋಗಿವೆ, ದಾರಿಯಿಲ್ಲದ ಕಡೆ ನುಗ್ಗಬೇಡಿ, ಬಾಯಿ ತೆರೆದ ಕಾಂಕ್ರೀಟ್ ಗುಂಡಿಗಳಿರುತ್ತವೆ. ಪತನದ ನಂತರ ಜಪಾನೀಯರು ಕೊಂದ ಚೀನೀ ನಾಗರಿಕರ ದೇಹಗಳು ಆ ಗಾಲ್ಫ್ ಮೈದಾನದ ದಡಕ್ಕೆ ತೇಲಿಬಂದವು. ಸೆರೆಯಲ್ಲಿದ್ದ ಬ್ರಿಟಿಷ್ ಗೋಲಂದಾಜರು, ಅಂದರೆ ತೋಪು ಹಾರಿಸುವ ಸೈನಿಕರು, ಸುಮಾರು 300 ಜನರನ್ನು ಮಣ್ಣು ಮಾಡಿದರು. ಹೆಸರು ಬದಲಾದ ದ್ವೀಪದಲ್ಲಿ ಇದರ ಗುರುತಿಗೆ ಇರುವುದು ಒಂದು ಫಲಕ.

ಎರಡನೇ ದಿನ: ಲ್ಯಾಬ್ರಡಾರ್, ಆಮೇಲೆ ಚಾಂಗಿ

ದ್ವೀಪದ ಎರಡು ತುದಿಗಳನ್ನು ಒಂದೇ ದಿನ ಮುಗಿಸುವುದರಿಂದ ಎಂಟಕ್ಕೇ ಹೊರಡಬೇಕು. ಸರ್ಕಲ್ ಲೈನಿನ ಲ್ಯಾಬ್ರಡಾರ್ ಪಾರ್ಕ್ ನಿಲ್ದಾಣದಿಂದ ಬೆರ್ಲೇಯರ್ ಕಾಲುವೆಯ ಪಕ್ಕ ಹಲಗೆಯ ದಾರಿ ಇದೆ, ಕಾಂಡ್ಲಾ ಮರಗಳ ನಡುವೆ. ಬೆಳಗ್ಗೆ ಸೊಳ್ಳೆ ಜಾಸ್ತಿ, ಕೈಕಾಲಿಗೆ ಕ್ರೀಮು ಹಚ್ಚಿಕೊಂಡು ಹೋಗಿ.

ಸಿಲೋಸೋದ ಜೊತೆಗಾರ ಬತ್ತೇರಿ ಇದು, 6 ಇಂಚಿನ ಎರಡು ತೋಪುಗಳದ್ದು. ನೀರಿನ ಈ ದಡದಿಂದ ಒಬ್ಬ, ಆ ದಡದಿಂದ ಇನ್ನೊಬ್ಬ. ಗುಡ್ಡದ ಮೇಲೆ ತೋಪಿನ ಕಟ್ಟೆ, ಸೈನಿಕರ ಗೊಂಬೆಗಳು, ಕೆಳಗೆ ಕಡಲ ಪಕ್ಕ ಮಷೀನ್‌ಗನ್ನಿನ ಕಾಂಕ್ರೀಟ್ ಗೂಡು. ಸುರಂಗದ ಬಾಗಿಲು ಮುಚ್ಚಿದೆ, ಅದಕ್ಕೆಂದೇ ಬಂದವರು ನಿರಾಶರಾಗುತ್ತಾರೆ. ಗೂಡಿನ ಕಿಂಡಿಯನ್ನು ಒಳಗಿನಿಂದ ನೋಡಿದರೆ ಅದು ಹೊರಗೆ ಅಗಲ, ಒಳಗೆ ಕಿರಿದು ಅಥವಾ ಅದರ ಉಲ್ಟಾ ಏಕೆ ಎಂಬ ಚರ್ಚೆ ಒಂದಷ್ಟು ಹೊತ್ತು ನಡೆಯುತ್ತದೆ. ಹೊರಗೆ ಅಗಲವಿದ್ದರೆ ಬಂದೂಕು ಹೆಚ್ಚು ತಿರುಗುತ್ತದೆ, ಆದರೆ ಹೊರಗಿಂದ ಬಡಿದ ಗುಂಡು ಆಲಿಕೆಯಂತೆ ಒಳಗೆ ಜಾರುತ್ತದೆ. ಅದನ್ನು ತಡೆಯಲು ಅಂಚನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡುವುದು ಆ ಕಾಲದ ಉಪಾಯ.

ಇಲ್ಲಿಂದ ಪಶ್ಚಿಮಕ್ಕೆ ಪಾಸಿರ್ ಪಾಂಜಾಂಗ್. 1942ರ ಫೆಬ್ರವರಿ 13-14ರಂದು ಆ ಬೆಟ್ಟಸಾಲಿನಲ್ಲಿ ಮಲಯ ರೆಜಿಮೆಂಟ್ ಜಪಾನೀಯರನ್ನು ಎದುರಿಸಿ ನಿಂತದ್ದು ಬುಕಿಟ್ ಚಾಂದುವಿನಲ್ಲಿ. ಸಮಯ ಉಳಿದರೆ ಅಲ್ಲಿನ ಪುಟ್ಟ ಮ್ಯೂಸಿಯಂ ನೋಡಬಹುದು, ಉಳಿಯುವುದು ಕಷ್ಟ.

ಹನ್ನೊಂದಕ್ಕೆ ಮೆಟ್ರೋ ಹತ್ತಿ, ಬೂನಾ ವಿಸ್ಟಾದಲ್ಲಿ ಇಳಿದು, ಪೂರ್ವ-ಪಶ್ಚಿಮ ಹಳಿಯ ಗಾಡಿ ಹಿಡಿದು ತಾನಾ ಮೆರಾಗೆ. ಅಲ್ಲಿಂದ 2ನೇ ನಂಬರ್ ಬಸ್ಸು. ಬಾಗಿಲಿಂದ ಬಾಗಿಲಿಗೆ ಒಂದೂವರೆ ತಾಸು ಹಿಡಿಯಿರಿ. ಬೂನಾ ವಿಸ್ಟಾ ಎಂಬ ಹೆಸರಿನ ಬತ್ತೇರಿಯೂ ಇತ್ತು, 15 ಇಂಚಿನ ಎರಡು ತೋಪು. ಈಗ ನೋಡಲು ಅಲ್ಲಿ ಏನೂ ಇಲ್ಲ, ಕತೆಗೆ ಮಾತ್ರ ಬೇಕು.

ಲೆಕ್ಕ ಹೀಗೆ: ಯುದ್ಧ ಶುರುವಾದಾಗ ಸಿಂಗಪುರದ ದೊಡ್ಡ ಕಡಲತೋಪುಗಳು 29. ಅದರಲ್ಲಿ 15 ಇಂಚಿನವು 5, 9.2 ಇಂಚಿನವು 6, 6 ಇಂಚಿನವು 18. ಎರಡು ಗುಂಪು. ಫೇಬರ್ ಗುಂಪು ಕೆಪೆಲ್ ಬಂದರನ್ನು ಕಾಯುವುದಕ್ಕೆ, ಸಿಲೋಸೋ, ಲ್ಯಾಬ್ರಡಾರ್, ಕನಾಟ್ ಎಲ್ಲ ಅದರವು. ಚಾಂಗಿ ಗುಂಪು, ದ್ವೀಪಕ್ಕೂ ಉತ್ತರದ ಮಲಯ ನೆಲಕ್ಕೂ ನಡುವಿನ ಜೊಹೋರ್ ಜಲಸಂಧಿಯ ಪೂರ್ವದ ಬಾಯಿಯನ್ನು ಕಾಯುವುದಕ್ಕೆ, ಏಕೆಂದರೆ ಆ ಜಲಸಂಧಿಯ ಒಳಗೆ ಸೆಂಬಾವಾಂಗಿನಲ್ಲಿ 1938ರಲ್ಲಿ ತೆರೆದ ನೌಕಾನೆಲೆ ಇತ್ತು.

ಚಾಂಗಿ ಗುಂಪಿನ ಹಿರಿಯಣ್ಣ ಜೊಹೋರ್ ಬತ್ತೇರಿ, 15 ಇಂಚಿನ ಮೂರು ತೋಪು. ಅಪ್ಪರ್ ಚಾಂಗಿ ರೋಡ್ ನಾರ್ತ್‌ನಲ್ಲಿ ಇಳಿದು ಕಾಸ್ಫರ್ಡ್ ರಸ್ತೆಯಲ್ಲಿ ಹತ್ತು ನಿಮಿಷ ನಡೆಯಬೇಕು. ನೆರಳಿಲ್ಲ, ಅಂಗಡಿಯಿಲ್ಲ, ನೀರಿನ ಬಾಟಲಿ ತುಂಬಿಸಿಕೊಂಡೇ ಹೋಗಿ. ಪಕ್ಕದಲ್ಲೇ ಚಾಂಗಿ ಜೈಲು ಇರುವುದರಿಂದ ಕ್ಯಾಮೆರಾವನ್ನು ಆ ಕಡೆ ತಿರುಗಿಸಬೇಡಿ, ಫಲಕಗಳೂ ಹಾಗೇ ಹೇಳುತ್ತವೆ.

1935ರಲ್ಲಿ ಐದನೇ ಜಾರ್ಜ್ ದೊರೆಯ ಬೆಳ್ಳಿಹಬ್ಬಕ್ಕೆ ಜೊಹೋರಿನ ಸುಲ್ತಾನ ಇಬ್ರಾಹಿಂ 5 ಲಕ್ಷ ಪೌಂಡ್ ಕಾಣಿಕೆ ಕೊಟ್ಟರು. ಅದರಲ್ಲಿ ದೊಡ್ಡ ಪಾಲು ಇಲ್ಲಿಗೆ ಬಂತು, ಬತ್ತೇರಿಗೆ ಜೊಹೋರ್ ಹೆಸರೂ ಬಂತು. ಸಿಂಗಪುರ ಬಿದ್ದ ಮೇಲೆ ಜಾಗ ಮರೆತೇಹೋಯಿತು, 1991ರಲ್ಲಿ ಕಾರಾಗೃಹ ಇಲಾಖೆಯವರ ಕಣ್ಣಿಗೆ ಮತ್ತೆ ಬಿತ್ತು. ಈಗ ಅಲ್ಲಿರುವುದು ತೋಪಿನ ಪ್ರತಿಕೃತಿ, ಅಸಲಿಯಲ್ಲ. ನೆಲದಡಿಯ ಮೂರು ಅಂತಸ್ತಿನ ಮದ್ದಿನ ಮನೆಗೆ ಇಳಿಯಲು ಬಿಡುವುದಿಲ್ಲ. ಅರ್ಧ ಗಂಟೆಯ ಜಾಗ ಎನ್ನುವವರಿದ್ದಾರೆ. ಈ ಮೂರು ದಿನದಲ್ಲಿ ಅತಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದೇ.

ಮೊದಲು ನಳಿಗೆಯ ಉದ್ದಕ್ಕೆ ಹೆಜ್ಜೆ ಹಾಕಿ ಅಳೆಯಿರಿ. ಅಸಲಿ ನಳಿಗೆ ಸುಮಾರು 16.5 ಮೀಟರ್, ತೂಕ 100 ಟನ್ನಿನ ಆಸುಪಾಸು. ಒಂದು ಗುಂಡು 879 ಕೆ.ಜಿ., ನಿಲ್ಲಿಸಿದರೆ ಐದಡಿ ಎತ್ತರ. ಅದನ್ನು ತಳ್ಳುವ ಕಾರ್ಡೈಟ್ ಮದ್ದು 195 ಕೆ.ಜಿ.ಯಷ್ಟು, ನಾಲ್ಕು ಚೀಲಗಳಲ್ಲಿ, ಏಕೆಂದರೆ ಅಷ್ಟನ್ನು ಒಂದೇ ಚೀಲದಲ್ಲಿ ಆಡಿಸಲಾಗುವುದಿಲ್ಲ. ಮನುಷ್ಯ ಎತ್ತುವ ಮಾತೇ ಇಲ್ಲ. ನೆಲದಡಿಯ ಉಗ್ರಾಣದಿಂದ ಗುಂಡು ತೂಗುಹಳಿಯಲ್ಲಿ ಸರಿದು, ಎತ್ತುಯಂತ್ರದಲ್ಲಿ ಮೇಲೇರಿ, ತೋಪಿನ ಹಿಂಬದಿಗೆ ಬಂದು, ಯಂತ್ರದ ಗಜದಿಂದ ಒಳಗೆ ಸೇರುತ್ತಿತ್ತು. ಇಷ್ಟಕ್ಕೂ ಬೇಕಾದ ಶಕ್ತಿಗೆ ಎಂಜಿನ್ ಮನೆಯೂ ನೆಲದಡಿಯೇ. ಗುಂಡು 30 ಕಿ.ಮೀ.ಗೂ ಆಚೆ ಬೀಳುತ್ತಿತ್ತು.

ಈಗ ಆ 'ತಪ್ಪು ದಿಕ್ಕಿನ' ಮಾತಿಗೆ ಬರೋಣ. ಜೊಹೋರ್ ಬತ್ತೇರಿ ತಿರುಗಿತ್ತು. ಉತ್ತರಕ್ಕೂ ಪಶ್ಚಿಮಕ್ಕೂ ತಿರುಗಿ, ಜಪಾನೀಯರು ಇಳಿದ ಮೇಲೆ ಭೂಮಿಯ ಗುರಿಗಳ ಮೇಲೆ 194 ಗುಂಡು ಹಾರಿಸಿತ್ತು. ಬೂನಾ ವಿಸ್ಟಾದ ಎರಡಕ್ಕೆ ತಿರುವು ಸೀಮಿತವಿತ್ತು, ಆ ಮಟ್ಟಿಗೆ ಜನರ ಮಾತು ನಿಜ. ಕನಾಟ್‌ನ 9.2 ಇಂಚಿನವೂ ದ್ವೀಪದೊಳಕ್ಕೆ ಹೊಡೆದವು.

ತೊಡಕು ಇದ್ದದ್ದು ಗುಂಡಿನಲ್ಲಿ. 15 ಇಂಚಿನ ತೋಪಿಗೆ ಇದ್ದದ್ದೆಲ್ಲ ಯುದ್ಧನೌಕೆಯ ಉಕ್ಕು ಸೀಳುವ ಗುಂಡು. ಅಂಥ ಗುಂಡಿನ ಮೂತಿ ಗಟ್ಟಿ ಉಕ್ಕು, ಗೋಡೆ ದಪ್ಪ, ಒಳಗಿನ ಸಿಡಿಮದ್ದು ಒಟ್ಟು ತೂಕದಲ್ಲಿ ನೂರಕ್ಕೆ ಎರಡು-ಮೂರು ಪಾಲು ಮಾತ್ರ. ಸಿಡಿಸುವ ಕೀಲು ಮೂತಿಯಲ್ಲಿರದೆ ಬುಡದಲ್ಲಿರುತ್ತದೆ, ಅದೂ ಒಂದು ಕ್ಷಣ ತಡವಾಗಿ ಸಿಡಿಯುವಂತೆ, ಉಕ್ಕಿನ ತೊಗಲು ದಾಟಿ ಹಡಗಿನ ಹೊಟ್ಟೆಯೊಳಗೆ ಹೋದ ಮೇಲೆ ಸಿಡಿಯಲಿ ಎಂದು. ರಬ್ಬರ್ ತೋಟದ ಮೆತ್ತನೆ ಮಣ್ಣಿಗೆ ಇದೇ ಗುಂಡು ಬಿದ್ದರೆ ಆಳಕ್ಕೆ ಹೂತುಕೊಂಡು ಅಲ್ಲಿ ಸಿಡಿಯುತ್ತದೆ. ದೊಡ್ಡ ಗುಂಡಿ, ಎದ್ದ ಮಣ್ಣು, ಭೂಮಿ ನಡುಗಿದ ಸದ್ದು, ಅಷ್ಟೆ. ಹತ್ತು ಮಾರು ಆಚೆ ಮಲಗಿದ್ದ ಸೈನಿಕ ಮೈ ಕೊಡವಿಕೊಂಡು ಎದ್ದು ಹೋಗಬಹುದು. ಪದಾತಿ ಸೈನ್ಯಕ್ಕೆ ಬೇಕಾದ್ದು ತೆಳು ಗೋಡೆಯ, ಮದ್ದು ತುಂಬಿದ, ನೆಲ ಮುಟ್ಟಿದೊಡನೆ ಚೂರುಚೂರಾಗುವ ಸಿಡಿಗುಂಡು. ಅದು 15 ಇಂಚಿಗೆ ಒಂದೂ ಇರಲಿಲ್ಲ. 9.2ಕ್ಕೆ ತೋಪೊಂದಕ್ಕೆ ಸುಮಾರು 30, 6 ಇಂಚಿಗೆ ಸುಮಾರು 50.

ಇನ್ನೂ ಒಂದು ತೊಡಕು, ಇದನ್ನು ಯಾರೂ ಹೇಳುವುದಿಲ್ಲ. ನಿನ್ನೆ ನೋಡಿದ ದೂರ ಅಳೆಯುವ ವಿದ್ಯೆ ಕಡಲಿಗೆ ಮಾತ್ರ. ನೀರು ಸಮತಟ್ಟು, ಹಡಗು ಕಣ್ಣಿಗೆ ಕಾಣುತ್ತದೆ, ಗುಂಡು ಬಿದ್ದಲ್ಲಿ ಬಿಳಿ ನೀರಿನ ಕಂಬ ಎದ್ದು ಎಷ್ಟು ಹಿಂದೆ ಎಷ್ಟು ಮುಂದೆ ಎಂದು ತಾನೇ ಹೇಳುತ್ತದೆ. ಕಾಡು, ತೋಟ, ಗುಡ್ಡದಾಚೆಯ ರಸ್ತೆಗೆ ಹೊಡೆಯಬೇಕಾದರೆ ಮುಂದೆ ಯಾರಾದರೂ ಕೂತು ನೋಡಿ ಫೋನಿನಲ್ಲಿ ತಿದ್ದಬೇಕು. ಬಾಂಬಿಗೆ ತಂತಿಗಳು ಹರಿದು ಬಿದ್ದಿದ್ದಾಗ ಅದು ಎಲ್ಲಿಂದ? ಮೇಲಾಗಿ ಈ ತೋಪುಗಳ ಗುಂಡು ಹೆಚ್ಚು ವೇಗದಲ್ಲಿ, ಚಪ್ಪಟೆ ಹಾದಿಯಲ್ಲಿ ಹೋಗುವುದು, ಗುಡ್ಡದ ಹಿಂಬದಿಗೆ ಬೀಳುವುದು ಕಷ್ಟ.

ಫೆಬ್ರವರಿ 12ರಂದು ಚಾಂಗಿ ಬಿಟ್ಟು ಹಿಂದೆ ಸರಿಯುವಾಗ ಗೋಲಂದಾಜರೇ ಜೊಹೋರ್ ಬತ್ತೇರಿಯನ್ನು ಸಿಡಿಸಿ ಕೆಡಿಸಿದರು.

ಮತ್ತೆ 2ನೇ ನಂಬರ್ ಬಸ್ಸಿನ ದಾರಿಯಲ್ಲೇ ಚಾಂಗಿ ಚಾಪೆಲ್ ಅಂಡ್ ಮ್ಯೂಸಿಯಂ, ಯುದ್ಧಕೈದಿಗಳ ಕತೆ. ಒಂದೂವರೆ ತಾಸು ಸಾಕು. ಸಸ್ಯಾಹಾರಿಗಳು ಚಾಂಗಿ ವಿಲೇಜಿನ ನಾಸಿ ಲೆಮಾಕ್ ನೋಡಿ ಮೋಸ ಹೋಗಬೇಡಿ. ತೆಂಗಿನ ಹಾಲಿನ ಅನ್ನ ಸರಿ, ಪಕ್ಕದ ಸಂಬಾಲ್ ಚಟ್ನಿಯಲ್ಲಿ ಒಣ ಸಿಗಡಿ ಅರೆದಿರುತ್ತದೆ, 'ಮಾಂಸ ಬೇಡ' ಎಂದರೆ ಅದನ್ನು ತೆಗೆಯುವುದಿಲ್ಲ. ಊಟಕ್ಕೆ ಲಿಟ್ಲ್ ಇಂಡಿಯಾಗೆ ಬರುವುದೇ ಮೇಲು. ಅಲ್ಲಿಂದ ನಡೆದು ಹೋಗುವ ದೂರದಲ್ಲಿ ಫ್ಯಾರರ್ ಪಾರ್ಕ್. 1942ರ ಫೆಬ್ರವರಿ 17ರಂದು 40 ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರನ್ನು ಜಪಾನೀಯರಿಗೆ ಒಪ್ಪಿಸಿದ ಮೈದಾನ ಅದು. ಕ್ಯಾಪ್ಟನ್ ಮೋಹನ್ ಸಿಂಗ್ ಆಜಾದ್ ಹಿಂದ್ ಫೌಜಿಗೆ ಕರೆ ಕೊಟ್ಟದ್ದೂ ಅಲ್ಲೇ. ಸಿಂಗಪುರದಲ್ಲಿ ಸೆರೆಯಾದ ಸಂಸ್ಥಾನಗಳ ಪಡೆಗಳಲ್ಲಿ ಫಸ್ಟ್ ಮೈಸೂರ್ ಇನ್‌ಫೆಂಟ್ರಿಯೂ ಇತ್ತು. ನಮ್ಮ ಊರುಗಳಿಂದ ಹೋದವರು ಈ ಕತೆಯ ಒಳಗೇ ಇದ್ದರು, ಇಲ್ಲಿಗೆ ಹೋಗುವ ಕನ್ನಡಿಗರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಮೂರನೇ ದಿನ: ನೆಲಮಾಳಿಗೆ, ಕಾರ್ಖಾನೆ, ಕ್ರಾಂಜಿ

ಬೆಳಗ್ಗೆ ಫೋರ್ಟ್ ಕ್ಯಾನಿಂಗ್ ಗುಡ್ಡದ ಒಳಗಿನ ಬ್ಯಾಟಲ್‌ಬಾಕ್ಸ್. ನೆಲದಡಿಯ ಕಾಂಕ್ರೀಟ್ ಕೊಠಡಿಗಳ ಗೂಡು ಇದು, ಬ್ರಿಟಿಷ್ ಸೇನೆಯ ಕೇಂದ್ರ. ಫೆಬ್ರವರಿ 15ರ ಬೆಳಗ್ಗೆ ಬ್ರಿಟಿಷ್ ಸೇನಾಪತಿ ಪರ್ಸಿವಲ್ ಮತ್ತು ಸೇನಾಧಿಕಾರಿಗಳು ಇಲ್ಲಿ ಕೂತು ಶರಣಾಗತಿಗೆ ಒಪ್ಪಿದರು. ಜಲಾಶಯಗಳು ಜಪಾನೀಯರ ಕೈಯಲ್ಲಿದ್ದವು, ಊರೊಳಗೆ ಬಾಂಬು ಬಿದ್ದು ನೀರಿನ ಕೊಳವೆಗಳು ಒಡೆದಿದ್ದವು, ಹತ್ತು ಲಕ್ಷದ ಊರಿಗೆ ನೀರು ನಿಲ್ಲುವ ಹೊತ್ತು ಬಂದಿತ್ತು. ಅಂದು ಚೀನೀ ಹೊಸ ವರ್ಷದ ಮೊದಲ ದಿನ.

ಅಲ್ಲಿಂದ ಅಪ್ಪರ್ ಬುಕಿಟ್ ತಿಮಾ ರಸ್ತೆಯ ಹಳೆಯ ಫೋರ್ಡ್ ಕಾರ್ಖಾನೆಗೆ. ಸಂಜೆ ಆರರ ಸುಮಾರಿಗೆ ಜಪಾನಿನ ಸೇನಾಪತಿ ಯಮಾಶಿತಾನ ಎದುರು ಶರಣಾಗತಿಯ ಸಹಿ ಬಿದ್ದದ್ದು ಇಲ್ಲಿನ ಸಭಾಕೊಠಡಿಯಲ್ಲಿ. ಇಲ್ಲಿ ನಕ್ಷೆಯೊಂದರ ಮುಂದೆ ನಿಂತು ಮೂರು ಜಾಗ ಗುರುತಿಸಿಕೊಳ್ಳಿ: ವಾಯವ್ಯದ ಸರಿಂಬುನ್ ದಡ, ಅಲ್ಲಿ ಫೆಬ್ರವರಿ 8ರ ರಾತ್ರಿ ಜಪಾನೀಯರು ಇಳಿದರು, ಕಾಸ್‌ವೇ, ದ್ವೀಪವನ್ನು ಮಲಯಕ್ಕೆ ಸೇರಿಸುವ, ಜನವರಿ 31ರಂದು ಬ್ರಿಟಿಷರೇ ಒಡೆದ ಸೇತುವೆ, ಮತ್ತು ಪೂರ್ವದ ಮೂಲೆಯ ಚಾಂಗಿ. ಸರಿಂಬುನ್ ಮತ್ತು ಚಾಂಗಿ ದ್ವೀಪದ ಎರಡು ಎದುರು ಮೂಲೆಗಳು. ಅತಿ ದೊಡ್ಡ ತೋಪುಗಳು ಯಾವ ಮೂಲೆಯಲ್ಲಿದ್ದವು, ಯುದ್ಧ ಯಾವ ಮೂಲೆಯಲ್ಲಿ ಶುರುವಾಯಿತು ಎಂಬುದು ಬೆರಳಿಟ್ಟು ನೋಡಿದಾಗಲೇ ಮನಸ್ಸಿಗೆ ಹತ್ತುತ್ತದೆ.

ಕಾರ್ಖಾನೆಯ ಎದುರಿಂದ 170ನೇ ನಂಬರ್ ಬಸ್ಸು ಕ್ರಾಂಜಿಯ ಯುದ್ಧಸ್ಮಶಾನದ ಬಳಿ ಬಿಡುತ್ತದೆ. ನಿದ್ದೆ ಮಾಡಬೇಡಿ, ಅದೇ ಬಸ್ಸು ಮುಂದೆ ವುಡ್‌ಲ್ಯಾಂಡ್ಸ್ ಗಡಿ ದಾಟಿ ಮಲೇಷ್ಯಾಕ್ಕೆ ಹೋಗುತ್ತದೆ, ಗಡಿಯ ಸಾಲಿಗೆ ಸಿಕ್ಕಿಕೊಂಡರೆ ಸಂಜೆ ಹೋಯಿತು. ಮೆಟ್ರೋದಲ್ಲಿ ಬರುವವರು ಕ್ರಾಂಜಿ ನಿಲ್ದಾಣದಿಂದ ಹದಿನೈದು ನಿಮಿಷ ನಡೆಯಬೇಕು.

ಇಲ್ಲಿ 4,400ಕ್ಕೂ ಹೆಚ್ಚು ಸಮಾಧಿಗಳಿವೆ. ಗುಡ್ಡದ ತುದಿಯ ಸ್ಮಾರಕದ ಕಂಬಗಳಲ್ಲಿ ಸಮಾಧಿಯೇ ಸಿಗದ 24 ಸಾವಿರಕ್ಕೂ ಹೆಚ್ಚು ಜನರ ಹೆಸರು ಕೆತ್ತಿವೆ. ದಹನವಾದವರಿಗೆ ಬೇರೆಯೇ ಸ್ಮಾರಕ, ಅದರಲ್ಲಿ ಹೆಚ್ಚಿನವರು ಭಾರತೀಯ ಸೈನಿಕರು, ಸುಮಾರು 800. ಹೆಸರು ಹುಡುಕುವವರು ಅಲ್ಲಿ ಹೋಗಿ ಹುಡುಕಲು ಕೂತರೆ ಕತ್ತಲಾಗುತ್ತದೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಜಾಲತಾಣದಲ್ಲಿ ಹೆಸರು, ರೆಜಿಮೆಂಟು ಹಾಕಿ ನೋಡಿದರೆ ಕಂಬದ ಸಂಖ್ಯೆ ಸಿಗುತ್ತದೆ, ಬರೆದುಕೊಂಡು ಹೋಗಿ. ನಮ್ಮ ಹೆಸರುಗಳನ್ನು ಅಂದಿನ ಗುಮಾಸ್ತರು ಕೇಳಿದಂತೆ ಬರೆದಿದ್ದಾರೆ. ಒಂದೇ ಹೆಸರನ್ನು ಮೂರು-ನಾಲ್ಕು ಕಾಗುಣಿತದಲ್ಲಿ ಹುಡುಕಬೇಕಾಗುತ್ತದೆ, ಅಡ್ಡಹೆಸರಿನ ಬದಲು ಅಪ್ಪನ ಹೆಸರಿನಿಂದಲೂ ನೋಡಿ.

ಗೇಟು ಸಂಜೆ 6.30ಕ್ಕೆ ಮುಚ್ಚುತ್ತದೆ. ಸ್ಮಾರಕದ ಬೆನ್ನಿಗೆ ನಿಂತರೆ ಉತ್ತರಕ್ಕೆ ಜೊಹೋರ್ ಜಲಸಂಧಿ, ಅದರಾಚೆ ಜೊಹೋರ್ ಬಾರು ಪಟ್ಟಣದ ಕಟ್ಟಡಗಳು ಕಾಣುತ್ತವೆ. ಕ್ರಾಂಜಿಯಿಂದ ಪೇಟೆಗೆ ಹೋಗುವ ಕೆಂಪು ಗೆರೆಯ ಮೆಟ್ರೋ ಆ ಹೊತ್ತಿಗೆ ಖಾಲಿ ಇರುತ್ತದೆ, ಎದುರಿನಿಂದ ಬರುವ ಗಾಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ.